ಹತ್ತುಮೀನಿನ ಮಳೆ

ಮೃಗಶಿರ ಮಳೆ ಹಿಡಿದು, ಬೇಸಿಗೆಯುದ್ದಕ್ಕೂ ಬಾಯಿಬಿಟ್ಟುಕೊಂಡಿದ್ದ ಗದ್ದೆಯ ಬಿರುಕುಗಳು ಒಂದೊಂದಾಗಿ ಮುಚ್ಚಿಕೊಂಡು, ಕಾಫಿತೋಟದ ತರಗೆಲೆಯ ಬಣ್ಣ ಕುಡಿದ ನೀರು ಬಸಿಗಾಲುವೆ ದಾಟಿ ಹಳ್ಳಕ್ಕೆ ಇಳಿಯತೊಡಗಿದ ಮೇಲೆ, ಶೆಟ್ಟಿಕೊಪ್ಪದ ಸುತ್ತಿನ ತಗ್ಗುಗಳಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ನೀರು ಮಿಸುಕಾಡುತ್ತದೆ. ಮಣ್ಣು, ಎಲೆ, ಕಡ್ಡಿ, ಎಲ್ಲವೂ ಕೆಳಕ್ಕೆ ಹರಿಯುವ ಹೊತ್ತಿನಲ್ಲಿ ಮೀನೊಂದೇ ಮೇಲಕ್ಕೆ ಹೊರಡುತ್ತದೆ. ಬೆರಳುದ್ದದ ಮೈ, ಅದರ ತುಂಬ ತತ್ತಿ. ಗದ್ದೆಯಿಂದ ಗದ್ದೆಗೆ ನೀರು ಧುಮುಕುವ ಕಂಡಿಯಲ್ಲಿ ಒಮ್ಮೆ ಹಾರಿ, ಜಾರಿ, ಮತ್ತೆ ಹಾರಿ, ಹುಲ್ಲಿನ ನಡುವೆ ಪಕ್ಕೆ ತೋರಿಸಿ ಮಿನುಗಿ ಮರೆಯಾಗುವ ಇವನ್ನು ಮಲೆನಾಡು ಹತ್ತುಮೀನು ಎಂದೇ ಕರೆಯುತ್ತದೆ.

ಪಡುವಣಕ್ಕೆ ತುಂಗೆ, ಮೂಡಣಕ್ಕೆ ಭದ್ರೆ. ಗಂಗಾಮೂಲದಲ್ಲಿ ಜೊತೆಗೆ ಹುಟ್ಟಿ ಕೂಡಲಿಯಲ್ಲಿ ಮತ್ತೆ ಸೇರುವವರೆಗೆ ಬೇರೆ ದಾರಿ ಹಿಡಿಯುವ ಎರಡು ಹೊಳೆಗಳ ನಡುವಿನ ನೆಲ ಇದು. ಹೊಸ ನೀರು ಬಂತೆಂದು ಮೀನಿಗೆ ಯಾರು ಹೇಳಿದರು? ಅದರ ಪಕ್ಕೆಯ ಮೇಲೊಂದು ಗೆರೆ, ಹರಿವಿನ ಒತ್ತಡವನ್ನು ಎಳೆಎಳೆಯಾಗಿ ಓದುತ್ತದೆ. ಗೆಂಡೆಯ ಬಳಗದ ಮೀನುಗಳಲ್ಲಿ ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಯವರೆಗೆ ಸಣ್ಣ ಎಲುಬುಗಳ ಸಾಲೊಂದು ಕೊಂಡಿಯಾಗಿ ನಿಂತು ನೀರಿನ ಕಂಪನವನ್ನು ದಾಟಿಸುತ್ತದೆ. ಜರ್ಮನಿಯ ವಿಜ್ಞಾನಿ ವೇಬರ್ 1820ರಲ್ಲಿ ಈ ಎಲುಬುಗಳನ್ನು ವಿವರಿಸಿದ. ಮಳೆಯನ್ನು ನಾವು ಹೆಂಚಿನ ಮೇಲೆ ಕೇಳುತ್ತೇವೆ. ಮೀನು ತನ್ನ ಇಡೀ ಮೈಯಲ್ಲಿ ಕೇಳುತ್ತದೆ.

ಹೊಳೆಯ ಅಷ್ಟು ಆಳ, ಅಷ್ಟು ನೆರಳು ಬಿಟ್ಟು ಇಷ್ಟು ತೆಳು ನೀರಿಗೆ, ನಾಲ್ಕಾರು ತಿಂಗಳಲ್ಲಿ ಒಣಗಿಹೋಗುವ ನೆಲಕ್ಕೆ ಅದು ಬರುವುದು ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ. ಅಂಟಂಟಾದ ತತ್ತಿ ಮುಳುಗಿದ ಹುಲ್ಲಿಗೆ ಹತ್ತಿಕೊಳ್ಳುತ್ತದೆ. ಈಗಷ್ಟೇ ನೆನೆದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಕಣಗಳು ಕೋಟಿಗಟ್ಟಲೆ ಎದ್ದಿರುತ್ತವೆ, ದೊಡ್ಡ ಮೀನಿನ ಬಾಯಿ ಅಲ್ಲಿಗೆ ಎಟುಕುವುದು ಕಷ್ಟ. ಮರಿಗೆ ಬೇಕಾದ ಬಿಸುಪೂ ತುತ್ತೂ ಒಂದೇ ಕಡೆ. ನಾಟಿಯ ಸಸಿ ಬೇರೂರುವ ಕೆಸರಿನಲ್ಲೇ ಎರಡು ಕಣ್ಣು ಮತ್ತು ಒಂದು ಬೆನ್ನೆಳೆಯಷ್ಟೇ ಇರುವ ಪಾರದರ್ಶಕ ಮರಿಗಳು ಬೆಳೆದು, ನೀರು ಇಳಿಯುವ ಮೊದಲು ತಾವೆಂದೂ ಕಾಣದ ಹೊಳೆಯ ದಾರಿ ಹಿಡಿಯುತ್ತವೆ.

ಶೃಂಗೇರಿಯ ತುಂಗೆಯ ದಡದಲ್ಲಿ ಕಪ್ಪೆಶಂಕರನ ಶಿಲ್ಪವಿದೆ: ಹೆರಿಗೆ ನೋವಿನ ಕಪ್ಪೆಗೆ ಬಿಸಿಲು ತಾಗದಂತೆ ಹಾವು ಹೆಡೆ ಬಿಚ್ಚಿ ನಿಂತಿದೆ. ಅದೇ ನೀರಿನಲ್ಲಿ ದೇವರ ಮೀನುಗಳು ಭಯವಿಲ್ಲದೆ ಮೆಟ್ಟಿಲವರೆಗೆ ಬಂದು ಮಂಡಕ್ಕಿಗೆ ಬಾಯಿ ತೆರೆಯುತ್ತವೆ. ಹತ್ತುಮೀನಿಗೆ ಆ ಅಭಯವಿಲ್ಲ. ಕಂಡಿಯಲ್ಲಿ ಕೂಳಿ ಕಾದಿರುತ್ತದೆ, ಬದುವಿನ ಮೇಲೆ ಟಾರ್ಚಿನ ಬೆಳಕು ಓಡಾಡುತ್ತದೆ, ಬೆಳಗಾದರೆ ಹುಳಿ ಖಾರದ ಸಾರಿನ ಪರಿಮಳ. ಆದರೂ ಪೂಜೆಯ ಮೀನಿಗೂ ಪಾತ್ರೆಯ ಮೀನಿಗೂ ಮಳೆ ಒಂದೇ ಕರೆ ಕಳಿಸುತ್ತದೆ. ಹೊಟ್ಟೆ ತುಂಬಿಕೊಂಡ ಜೀವ ಎಲ್ಲ ಅಪಾಯ ದಾಟಿ ನೆಲವನ್ನು ನಂಬಿ ಬರುವುದನ್ನು ಕಂಡಾಗ ಹೆಡೆ ಬಿಚ್ಚಿದ ಹಾವಿನ ಕಥೆ ಬರೀ ಕಲ್ಲಿನಲ್ಲಿ ಇದೆ ಎನ್ನಿಸುವುದಿಲ್ಲ.

ದೂರದ ಯುರೋಪಿನ ಹೊಳೆಗಳಲ್ಲೂ ಕೆಂಗಣ್ಣಿನ ರೋಚ್ ಮೀನು ವಸಂತದಲ್ಲಿ ನೀರು ಬೆಚ್ಚಗಾಗುತ್ತಲೇ ದಡದ ಜೊಂಡಿಗೆ, ಗಿಡಬೇರಿನ ಎಡೆಗೆ ಗುಂಪುಗಟ್ಟಿ ಬಂದು ಹೀಗೇ ಅಂಟುವ ತತ್ತಿ ಇಡುತ್ತದಂತೆ. ಅಲ್ಲಿ ಕರೆಯುವುದು ಬಿಸಿಲು, ಇಲ್ಲಿ ಮಳೆ. ಬಂದು ಸೇರುವುದು ಮಾತ್ರ ನೀರಿನ ಅಂಚಿಗೇ, ಹೊಳೆಯೂ ಅಲ್ಲದ ನೆಲವೂ ಅಲ್ಲದ ಆ ತೆಳು ಜಾಗಕ್ಕೇ.

ಮಲೆನಾಡಿನಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಪಹಣಿಯ ಕಾಲಮ್ಮುಗಳಲ್ಲಿ ಮಾಲೀಕನ ಹೆಸರು, ಬೆಳೆಯ ಹೆಸರು, ಎಕರೆ, ಗುಂಟೆ ಎಲ್ಲಕ್ಕೂ ಜಾಗವಿದೆ. ವರ್ಷಕ್ಕೊಮ್ಮೆ ಬಾಣಂತನಕ್ಕೆ ಬರುವವರನ್ನು ಬರೆದುಕೊಳ್ಳಲು ಮಾತ್ರ ಯಾರಿಗೂ ಹೊಳೆದಿಲ್ಲ.