ಮಲಗಿದವನನ್ನು ಎಬ್ಬಿಸುವ ಅಧಿಕಾರ

ಮಲಗಿದವರನ್ನು ಎಬ್ಬಿಸುವುದು ಯಾವಾಗ ಧರ್ಮ, ಯಾವಾಗ ಅಧರ್ಮ ಎಂಬ ವಿಚಾರವು ನಮ್ಮ ಪುರಾಣೇತಿಹಾಸಗಳಲ್ಲಿ ಅಲ್ಲಲ್ಲಿ ತಲೆದೋರುವುದುಂಟು. ಮುಚುಕುಂದನ ನಿದ್ರೆಯನ್ನು ಕೆಡಿಸಿದ ಕಾಲಯವನನು ಬೂದಿಯಾದನು. ಕುಂಭಕರ್ಣನನ್ನು ಅಕಾಲದಲ್ಲಿ ಎಬ್ಬಿಸಿದ ರಾವಣನು ತಮ್ಮನನ್ನೇ ಕಳೆದುಕೊಂಡನು. ಮನುಸ್ಮೃತಿಯು ಸ್ನಾತಕನಿಗೆ ವಿಧಿಸುವ ನಿಯಮಗಳಲ್ಲಿ, ಮಲಗಿರುವ ಶ್ರೇಷ್ಠನನ್ನು ಎಬ್ಬಿಸಕೂಡದೆಂಬುದೂ ಒಂದು. ಆದರೆ ಈ ನಿಯಮವು ಮಲಗಿದವನ ಅಂತಸ್ತನ್ನು ನೋಡುವುದೇ ಹೊರತು, ಎಬ್ಬಿಸಲು ಬಂದವನು ಯಾವ ಸುದ್ದಿಯನ್ನು ತಂದಿರುವನೆಂಬುದನ್ನು ನೋಡುವುದಿಲ್ಲ. ಜಗುಲಿಯ ಮೇಲೆ ಮಲಗಿದ ಆಳನ್ನು ಯಾವ ಹೊತ್ತಿನಲ್ಲಿ ಕೂಗಿದರೂ ದೋಷವಿಲ್ಲವೆಂದೇ ಲೋಕವು ನಡೆದುಕೊಂಡು ಬಂದಿದೆ. ಇದು ನನಗೆ ಎಂದಿಗೂ ಸರಿದೋರಿದ ಮಾತಲ್ಲ.

ಇದೇ ಪ್ರಶ್ನೆಯು ಈ ಕಾಲದಲ್ಲಿ ಕಂಪ್ಯೂಟರಿನ ಒಡಲಿನಲ್ಲಿ ಚರ್ಚೆಗೆ ಬಂದು, ಅಲ್ಲಿ ಬಹು ಸೂಕ್ಷ್ಮವಾದ ಉತ್ತರಗಳನ್ನು ಪಡೆದಿರುವುದೆಂದರೆ ವಾಚಕರಿಗೆ ವಿನೋದವೆನಿಸಬಹುದು. ನನ್ನ ದೌಹಿತ್ರನು ಈ ನಗರದಲ್ಲಿ ಅದೇ ಉದ್ಯೋಗದಲ್ಲಿರುವವನು. ಅವನು ವಿವರಿಸುವಾಗ, ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದ ನನಗೆ ಪೂರ್ವಪಕ್ಷ ಸಿದ್ಧಾಂತಗಳನ್ನು ಕೇಳಿದಂತೆಯೇ ಆಯಿತು.

ಯಂತ್ರದ ಒಳಗಿದ್ದು ಅದರ ಉಪಕರಣಗಳನ್ನೆಲ್ಲ ಆಳುವ ಮೂಲ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಯಂತ್ರವು ಎಚ್ಚರವಾಗಿರುವುದು, ಅರೆನಿದ್ರೆಯಲ್ಲಿರುವುದು, ಪೂರ್ಣವಾಗಿ ಆರುವುದು ಎಂಬ ಅವಸ್ಥೆಗಳನ್ನು ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು 1996ರ ಡಿಸೆಂಬರಿನಲ್ಲಿ ಎಸಿಪಿಐ ಎಂಬ ಹೆಸರಿನಿಂದ ಕ್ರಮಪಡಿಸಿದವು. ಎಸ್0 ಎಂಬುದು ಜಾಗೃತಿ. ಎಸ್3ರಲ್ಲಿ ನೆನಪಿನ ಭಾಗಕ್ಕೆ ಮಾತ್ರ ಅಲ್ಪ ವಿದ್ಯುತ್ತು ಹರಿದು ಉಳಿದುದೆಲ್ಲ ಬಹುಮಟ್ಟಿಗೆ ಆರುವುದು. ಎಸ್4ರಲ್ಲಿ ನೆನಪನ್ನೂ ಡಿಸ್ಕಿಗೆ ಬರೆದಿಟ್ಟು ಮಲಗುವುದು. ಎಸ್5 ಎಂದರೆ ಆರಿಯೇ ಹೋಗುವುದು. ಮಾಂಡೂಕ್ಯದ ಅವಸ್ಥೆಗಳೊಡನೆ ಇವನ್ನು ಹೊಂದಿಸಲು ಕೆಲವರಿಗೆ ಆಸೆಯಾದೀತು. ನಾನು ಒಪ್ಪೆನು. ಅಲ್ಲಿಯದು ಆತ್ಮವಿಚಾರ, ಇಲ್ಲಿಯದು ಬ್ಯಾಟರಿಯ ಲೆಕ್ಕ.

ಮಲಗುವ ಕ್ರಮವು ಮಾತ್ರ ತುಂಬಿದ ಮನೆಯ ಕ್ರಮವೇ. ಲಿನಕ್ಸ್ ಎಂಬ ಕರ್ನೆಲಿನಲ್ಲಿ ಉಪಕರಣಗಳಿಗೆ ತಾಯ್ತಂದೆ, ಮಗು ಎಂಬ ಸಂಬಂಧಗಳನ್ನೇ ಹೇಳುವರು. ಕೀಲಿಮಣೆಯು ಮಗು, ಅದು ಯಾವುದರ ಮೂಲಕ ಮಾತನಾಡುವುದೋ ಆ ನಿಯಂತ್ರಕವು ತಾಯಿ. ಮೊದಲು ಕೆಲಸಗಳನ್ನೆಲ್ಲ ನಿಲ್ಲಿಸಿ, ಆಮೇಲೆ ಮಕ್ಕಳನ್ನು ಮಲಗಿಸಿ, ಕೊನೆಗೆ ತಾಯಿಯು ಮಲಗುವಳು. ಏಳುವಾಗ ತಾಯಿಯೇ ಮೊದಲು. ಇದನ್ನು ತಿರುಗುಮುರುಗು ಮಾಡಿದರೆ, ಮಗು ಅತ್ತಾಗ ಕೇಳುವವರೇ ಇರುವುದಿಲ್ಲ.

ಎಲ್ಲರಿಗೂ ಎಬ್ಬಿಸುವ ಅಧಿಕಾರವಿಲ್ಲ. ಪ್ರತಿಯೊಂದು ಉಪಕರಣಕ್ಕೂ ಅನುಮತಿಯುಂಟೋ ಇಲ್ಲವೋ ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಿಡಬಹುದು. ಮುಚ್ಚಳವನ್ನು ತೆರೆದರೆ ಏಳಬೇಕು. ಗಡಿಯಾರಕ್ಕೆ ಹೊತ್ತು ಹೇಳಿಟ್ಟಿದ್ದರೆ ಏಳಬೇಕು. ಮೇಜು ಅಲುಗಿ ಮೌಸ್ ಸರಿದುದಕ್ಕೆಲ್ಲ ಏಳಬೇಕಾಗಿಲ್ಲ.

ಇಷ್ಟು ಸುಲಭ. ಕಷ್ಟವು ಸಂಧಿಕಾಲದಲ್ಲಿ. ಯಂತ್ರವು ಮಲಗಲು ನಿಶ್ಚಯಿಸಿದ ಮೇಲೆ, ಇನ್ನೂ ಪೂರ್ತಿಯಾಗಿ ಮಲಗುವುದಕ್ಕೆ ಮುಂಚೆ, ಒಂದು ಕರೆ ಬಂದಿತೆನ್ನಿ. ಎಚ್ಚರವಾಗಿದ್ದಿದ್ದರೆ ಕೇಳುತ್ತಿದ್ದಿತು, ಪೂರ್ತಿ ಮಲಗಿದ್ದರೆ ಎಬ್ಬಿಸುವ ವ್ಯವಸ್ಥೆಯು ಎಬ್ಬಿಸುತ್ತಿದ್ದಿತು. ಎರಡಕ್ಕೂ ನಡುವೆ ಬಂದ ಕರೆಯು ಕಳೆದುಹೋಗುವ ಅಪಾಯವುಂಟು. 2010ರಲ್ಲಿ ಹೊರಬಂದ ಲಿನಕ್ಸ್ 2.6.36ರಲ್ಲಿ ಇದಕ್ಕೆ ಮಾಡಿದ ಉಪಾಯವು ಸರಳವಾದುದು. ಬಂದ ಕರೆಗಳಿಗೆ ಒಂದು ಎಣಿಕೆಯನ್ನಿಟ್ಟರು. ಮಲಗಿಸುವ ಪ್ರೋಗ್ರಾಮು ಮೊದಲು ಆ ಎಣಿಕೆಯನ್ನು ಓದಬೇಕು. ತನ್ನ ಸಿದ್ಧತೆಗಳನ್ನು ಮುಗಿಸಿದ ಮೇಲೆ, ತಾನು ಓದಿದ ಸಂಖ್ಯೆಯನ್ನೇ ಕರ್ನೆಲಿಗೆ ಹಿಂದಕ್ಕೆ ಒಪ್ಪಿಸಬೇಕು. ನಡುವೆ ಹೊಸ ಕರೆ ಬಂದು ಎಣಿಕೆಯು ಬದಲಾಗಿದ್ದರೆ ಕರ್ನೆಲು ಒಪ್ಪದು. ಮಲಗುವ ವಿಚಾರವು ಮೊದಲಿನಿಂದ ಆಗಬೇಕು. ಎಂದರೆ, ನಿಶ್ಚಯ ಮಾಡಿದಾಗ ಇದ್ದ ಲೋಕವೇ ಈಗಲೂ ಇದೆಯೇ ಎಂದು ಕದವಿಕ್ಕುವ ಮೊದಲು ಇನ್ನೊಮ್ಮೆ ಕೇಳುವುದು. ಸಂಧ್ಯೆಗಳಿಗೆ ನಮ್ಮವರು ಅಷ್ಟು ಎಚ್ಚರಿಕೆಯನ್ನು ಹೇಳಿದುದರ ಅರ್ಥವು ಇಲ್ಲಿಯೂ ಸ್ವಲ್ಪ ಹೊಳೆಯುವುದು.

ಇದರ ಹಿಂದೆ ಒಂದು ವಾದವು ನಡೆದಿತ್ತು. ಜೇಬಿನ ಫೋನುಗಳಿಗಾಗಿ ಆಂಡ್ರಾಯ್ಡ್ ರಚಿಸಿದವರು 2009ರಲ್ಲಿ ವೇಕ್‌ಲಾಕ್ ಎಂಬುದನ್ನು ಲಿನಕ್ಸಿಗೆ ಸೇರಿಸಬೇಕೆಂದು ಕೇಳಿದರು. ಅವರ ಮತದಲ್ಲಿ ನಿದ್ರೆಯೇ ಯಂತ್ರದ ಸಹಜಸ್ಥಿತಿ. ಎಚ್ಚರವಾಗಿರಲು ಕಾರಣ ಬೇಕು, ಕಾರಣವುಳ್ಳವನು ಬೀಗವನ್ನು ಹಿಡಿಯಬೇಕು, ಮುಗಿದೊಡನೆ ಬಿಡಬೇಕು. ಎದುರುಪಕ್ಷದವರು, ಕೆಲಸವಿಲ್ಲದ ಉಪಕರಣವು ತಾನು ತಾನಾಗಿ ತೂಕಡಿಸಲಿ, ಇಡೀ ಯಂತ್ರವನ್ನು ಬಲವಂತವಾಗಿ ಮಲಗಿಸುವುದೇಕೆ ಎಂದರು. ವಾದವು ಉದ್ದವಾಗಿ ಸಾಗಿ, 2012ರಲ್ಲಿ ಲಿನಕ್ಸ್ 3.5ರೊಳಗೆ ತತ್ಸಮಾನವಾದ ವ್ಯವಸ್ಥೆಯು ಬೇರೆ ರೂಪದಲ್ಲಿ ಸೇರಿತು. ಬೀಗವನ್ನು ಹಿಡಿದು ಬಿಡಲು ಮರೆತ ಒಂದು ಪ್ರೋಗ್ರಾಮು ಸಾಕು. ಜೇಬಿನಲ್ಲಿದ್ದ ಫೋನು ಯಾರಿಗೂ ಉಪಕಾರವಿಲ್ಲದೆ ಎಚ್ಚರವಾಗಿದ್ದು ಸಂಜೆಯ ಹೊತ್ತಿಗೆ ಸತ್ತಿರುವುದು. ನಮ್ಮ ಕೆರೆಗಳ ಹಳೆಯ ನೀರುಗಂಟಿಯು, ತೂಬನ್ನು ತೆರೆಯುವುದರಷ್ಟೇ ಮುಚ್ಚುವುದೂ ತನ್ನ ಕೆಲಸವೆಂದು ಬಲ್ಲವನಾಗಿದ್ದನು.

ಆದಕಾರಣ ಕರ್ನೆಲು ಒಂದು ಲೆಕ್ಕವನ್ನು ಬರೆದಿಡುವುದು: ಎಬ್ಬಿಸಿದವನ ಹೆಸರೇನು, ಎಷ್ಟು ಸಲ ಎಬ್ಬಿಸಿದನು, ಒಟ್ಟು ಎಷ್ಟು ಹೊತ್ತು ಮಲಗಗೊಡಲಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದುದು ಇದು. ಮನುವಿನ ನಿಯಮದಲ್ಲಿ ಕಾಣದ ಅಂಶವೂ ಇದೇ. ಇಲ್ಲಿ ಮಲಗಿದವನು ದೊಡ್ಡವನೋ ಚಿಕ್ಕವನೋ ಎಂಬ ಪ್ರಶ್ನೆಯಿಲ್ಲ, ಎಬ್ಬಿಸಿದವನೇ ಉತ್ತರವಾದಿ.

ಮನುಷ್ಯರಲ್ಲಿ ಈ ಲೆಕ್ಕವನ್ನು ಯಾರು ಇಟ್ಟಿರುವರು? ಪುಟ್ಟೇನಹಳ್ಳಿಯ ನಮ್ಮ ಸುತ್ತಿನ ಮನೆಗಳಲ್ಲಿ, ಸಮುದ್ರದಾಚೆಯ ಯಾವುದೋ ಯಂತ್ರವು ಕೆಟ್ಟಿತೆಂದು ನಡುರಾತ್ರಿ ಎರಡು ಗಂಟೆಗೆ ಕರೆ ಬಂದು ಹುಡುಗರು ಏಳುವುದುಂಟು. ಫೋನಿನ ನಿದ್ರೆಯನ್ನು ಕಾಯಲು ಅಷ್ಟು ಬುದ್ಧಿಯನ್ನು ವೆಚ್ಚಮಾಡಿದವರ ನಿದ್ರೆಯನ್ನು ಕೆಡಿಸಿದುದಕ್ಕೆ ಪಟ್ಟಿಯಿಲ್ಲ. ಅವರಿಗಾದರೋ ಸಂಬಳವುಂಟು, ಬೇಡವೆನ್ನುವ ಬಾಯಿಯೂ ಸ್ವಲ್ಪ ಉಂಟು.

ಯಂತ್ರದ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟಿದ್ದೆನು. ಎಲ್ಲವೂ ಮಲಗಿದಾಗ ಒಂದು ಸಣ್ಣ ಭಾಗವು ಮಲಗುವುದಿಲ್ಲ. ಗುಂಡಿಯನ್ನು ಒತ್ತಿದುದನ್ನೂ ಮುಚ್ಚಳವನ್ನು ತೆರೆದುದನ್ನೂ ಅರಿಯಲು ಅದು ಅಲ್ಪ ವಿದ್ಯುತ್ತಿನಲ್ಲಿ ಕಾದಿರಬೇಕು. ಜಾಣನಾದ ಎಂಜಿನಿಯರನು ಆ ಅಲ್ಪವನ್ನೂ ವೆಚ್ಚದಲ್ಲಿ ಸೇರಿಸುವನು. ನಮ್ಮ ಕಟ್ಟಡದ ಗೇಟಿನಲ್ಲಿ ರಾತ್ರಿಯ ಕಾವಲುಗಾರನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿರುವನು. ಹನ್ನೊಂದಕ್ಕೆ ಊಟದ ಪೊಟ್ಟಣ ಬರುವುದು, ಒಂದಕ್ಕೆ ಕಛೇರಿಯ ಕಾರು, ಮೂರಕ್ಕೆ ವಿಮಾನಕ್ಕೆ ಹೊರಟವರು, ಐದಕ್ಕೆ ಹಾಲು. ಅವನು ತೂಕಡಿಸಿದನೆಂದು ದೂರು ಬರೆಯುವ ಪುಸ್ತಕವುಂಟು. ಅವನನ್ನು ಯಾರು ಎಷ್ಟು ಸಲ ಎಬ್ಬಿಸಿದರೆಂಬ ಪುಸ್ತಕವಿಲ್ಲ. ಇಬ್ಬರನ್ನು ನೇಮಿಸಿ ಸರದಿಯಂತೆ ಒಬ್ಬನು ಮಲಗಲಿ ಎಂದು ನಿವಾಸಿಗಳ ಸಭೆಯಲ್ಲಿ ಸೂಚಿಸಿದೆನು. ಮಲಗುವುದಕ್ಕೆ ಸಂಬಳವೇ ಎಂದು ಒಬ್ಬರು ಕೇಳಿದರು. ನಮಗೆಲ್ಲ ಮಲಗಲು ಅವನು ಸಂಬಳ ಪಡೆಯುತ್ತಿರುವನಷ್ಟೆ ಎಂದೆನು. ತಿಂಗಳ ವಂತಿಗೆಯು ಎಷ್ಟು ಏರುವುದೆಂದು ಖಜಾಂಚಿಯವರು ಲೆಕ್ಕ ಹಾಕಿ ತರುವವರಿದ್ದಾರೆ.