ಗೋಕರ್ಣದ ಮಡಿ ಮತ್ತು ಮಾರುಕಟ್ಟೆ

ಗೋಕರ್ಣ ಕೆಟ್ಟಿತು ಎನ್ನುವವರು ಸಾಮಾನ್ಯವಾಗಿ ಓಂ ಬೀಚು, ಕುಡ್ಲೆ ಬೀಚುಗಳತ್ತ ಬೆರಳು ತೋರಿಸುತ್ತಾರೆ. ಗೋವಾದ ಗದ್ದಲ ಬೇಸರವಾಗಿ ದಕ್ಷಿಣಕ್ಕೆ ಸರಿದ ವಿದೇಶಿಯರು ಬಂದರು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು, ಆಮೇಲೆ ವಾರಾಂತ್ಯದ ಬೆಂಗಳೂರೇ ಇಳಿಯಿತು, ಕ್ಷೇತ್ರದ ಪಾವಿತ್ರ್ಯ ಹೋಯಿತು ಎಂಬುದು ಅವರ ವಾದ. ಇದಕ್ಕೂ ಮೊದಲು ಈ ಊರು ದುಡ್ಡಿನ ಸೋಂಕಿಲ್ಲದೆ ಇತ್ತೆಂದು ಈ ವಾದ ನಂಬಿಕೊಂಡಿದೆ. ಅಂಥ ಕಾಲವೊಂದು ಇದ್ದಂತಿಲ್ಲ. ಕಾಳಿದಾಸನ ರಘುವಂಶದಲ್ಲೇ ನಾರದ ತೆಂಕಣ ಕಡಲ ತಡಿಯ ಗೋಕರ್ಣಕ್ಕೆ ಹೊರಟಿರುತ್ತಾನೆ. 1676ರಲ್ಲಿ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ ಇಲ್ಲಿನ ಶಿವರಾತ್ರಿಯನ್ನು ಕಂಡು ಬರೆದಿಟ್ಟ. ಜನ ಸೇರುವಲ್ಲಿ ಹೂವು, ಕಾಯಿ, ಊಟ, ದಕ್ಷಿಣೆ ಎಲ್ಲವೂ ಸೇರುತ್ತವೆ. ಪಿತೃಕಾರ್ಯಕ್ಕೆ ಬಂದವರನ್ನು ಇಳಿಸಿಕೊಂಡು, ಪಿಂಡ ಹಾಕಿಸಿ, ಎಲೆ ಹಾಕಿ ಬಡಿಸಿ ಕಳಿಸುತ್ತಿದ್ದ ಭಟ್ಟರ ಮನೆಗಳು ಹೋಮ್‌ಸ್ಟೇಗಳಿಗಿಂತ ಬಹಳ ಹಳೆಯವು.

ಹಾಗಾದರೆ ಯಾತ್ರಿಕನಿಗೂ ಪ್ರವಾಸಿಗೂ ಇರುವ ವ್ಯತ್ಯಾಸವೇನು? ಭಕ್ತಿ ಎಂದುಬಿಡಬಹುದು, ಆದರೆ ಅದನ್ನು ಅಳೆಯುವವರು ಯಾರು? ಬಂದವರಿಗೆ ಊರು ಕಟ್ಟಳೆ ಹಾಕುತ್ತದೋ, ಊರಿಗೇ ಬಂದವರು ಕಟ್ಟಳೆ ಹಾಕುತ್ತಾರೋ ಎಂಬುದೇ ನನಗೆ ಕಾಣುವ ಗಟ್ಟಿ ವ್ಯತ್ಯಾಸ. ಯಾತ್ರಿಕನು ಕಡಲಲ್ಲಿ ಮಿಂದು, ಮೊದಲು ಮಹಾಗಣಪತಿಗೆ ಕೈಮುಗಿದು, ಅಂಗಿ ಕಳಚಿ ಮಹಾಬಲೇಶ್ವರನ ಬಳಿಗೆ ಹೋಗಬೇಕು. ಇಷ್ಟಾದ ಮೇಲೂ ಕಣ್ಣಿಗೆ ಸಿಗುವುದು ಅತ್ಯಲ್ಪ. ಲಿಂಗವು ಸಾಲಿಗ್ರಾಮ ಪೀಠದೊಳಗೆ ಹುದುಗಿದೆ. ಪೀಠದ ರಂಧ್ರಕ್ಕೆ ಬೆರಳಿಳಿಸಿ, ತಡಕಿ, ತುದಿಯನ್ನಷ್ಟೇ ಮುಟ್ಟಿ ಬರಬೇಕು. ಸ್ಥಳಪುರಾಣವೂ ಈ ಕಡೆಗೇ ಇದೆ. ರಾವಣನಿಗೆ ಭಕ್ತಿ ಕಡಿಮೆಯಿರಲಿಲ್ಲ, ಆತ್ಮಲಿಂಗವನ್ನು ತಪಸ್ಸಿನಿಂದಲೇ ಗಳಿಸಿದ್ದ. ಗಳಿಸಿದ್ದನ್ನು ಲಂಕೆಗೆ ಸಾಗಿಸುತ್ತೇನೆಂದು ಹೊರಟಲ್ಲಿ ಅವನು ಸೋತ. ವಟುವಿನ ವೇಷದ ಗಣಪತಿ ನೆಲಕ್ಕಿಟ್ಟ ಲಿಂಗ ಎಷ್ಟು ಜಗ್ಗಿದರೂ ಮೇಲೇಳಲಿಲ್ಲ. ಸಿಟ್ಟಿಗೆ ರಾವಣ ಗುದ್ದಿದ ಗುರುತೆಂದು ಗಣಪತಿಯ ತಲೆಯ ಮೇಲಿನ ತಗ್ಗನ್ನು ಇಂದಿಗೂ ತೋರಿಸುತ್ತಾರೆ. ಈ ಕಥೆಗೆ ಮೈಲಿಗೆಯ ಭಯವೇ ಇಲ್ಲ. ತನ್ನ ಸೊತ್ತು ಮಾಡಿಕೊಳ್ಳಲು ಬಂದವನಿಗೆ ಸ್ಥಳವು ಮಣಿಯಲಿಲ್ಲ ಎಂಬುದೇ ಇದರ ತಿರುಳು.

ಯಾತ್ರಿಕನೂ ಗಿರಾಕಿಯೇ ಅಲ್ಲವೇ, ಸಂತಾನ ಬೇಕು, ಮೋಕ್ಷ ಬೇಕು ಎಂದು ದುಡ್ಡು ಕೊಟ್ಟು ಸೇವೆ ಮಾಡಿಸುವವನಲ್ಲವೇ ಎಂದು ಕೇಳಬಹುದು. ನಿಜ. ಕೋಟಿತೀರ್ಥದ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಬಿಟ್ಟು ಹೋಗುವವರಲ್ಲಿ ಭಕ್ತರೇನೂ ಕಡಿಮೆಯಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಬಂದ ನಾಸ್ತಿಕನೊಬ್ಬ ಅವರಿಗಿಂತ ಮರ್ಯಾದೆಯಿಂದ ಇದ್ದುಹೋಗಬಲ್ಲ. ಆದ್ದರಿಂದ ಈ ಗೆರೆಯನ್ನು ನಂಬುವವರು, ನಂಬದವರು ಎಂದು ಎಳೆಯುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಕೋಣೆ ಬಾಡಿಗೆಗೆ ಕೊಟ್ಟು ಮಕ್ಕಳನ್ನು ಓದಿಸುವ ಮನೆಯವರಿಗೆ ಕ್ಷೇತ್ರಧರ್ಮ ಬೋಧಿಸಲು ಹೊರಗಿನವರು ಯಾರು? ಈ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಕೊನೆತನಕ ಅಲ್ಲ. ಇದೇ ನೆಲ ಸಾಣಿಕಟ್ಟಾದ ಉಪ್ಪಿನಾಗರಗಳನ್ನೂ, ಹಾಲಕ್ಕಿ ಒಕ್ಕಲಿಗರ ತರಕಾರಿಯನ್ನೂ, ಮೀನುಗಾರರ ದೋಣಿಗಳನ್ನೂ ಸಾಕಿದೆ. ಕೋಣೆ ಬಾಡಿಗೆ ಇವುಗಳ ಪಕ್ಕದಲ್ಲಿ ಇರುವವರೆಗೆ ತಕರಾರಿಲ್ಲ. ದೋಣಿ ಎಳೆದಿಡಲು ಜಾಗವಿಲ್ಲದಂತಾದರೆ, ಊರಿನ ಕಟ್ಟಳೆಗೆ ಹೊರಗಿನ ದುಡ್ಡು ರಾವಣನಂತೆಯೇ ಕೈಹಾಕಿದೆ ಎಂದು ಲೆಕ್ಕ.

ದೇವಸ್ಥಾನದ ಆಡಳಿತ ಯಾರದು ಎಂಬ ಜಗಳವನ್ನು ಊರು ಚೆನ್ನಾಗಿ ಬಲ್ಲದು. 2008ರಲ್ಲಿ ಸರ್ಕಾರ ಅದನ್ನು ರಾಮಚಂದ್ರಾಪುರ ಮಠಕ್ಕೆ ವಹಿಸಿತು, 2018ರಲ್ಲಿ ಹೈಕೋರ್ಟ್ ಆ ಆದೇಶ ರದ್ದುಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ನೇತೃತ್ವದ ಸಮಿತಿಗೆ ಮಧ್ಯಂತರ ಉಸ್ತುವಾರಿ ಕೊಟ್ಟಿತು. ಗರ್ಭಗುಡಿಗೆ ಇಷ್ಟು ವಕೀಲರು ಸಿಕ್ಕರು. ಯಾತ್ರಿಕ ಮೊದಲು ಮೀಯುವ ಕಡಲದಂಡೆಯ ಪಾಡು ಬೇರೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಲು ಅವಕಾಶ ಮಾಡಿತು. ಮಡಿಯ ಹೆಸರಿನಲ್ಲಿ ಪ್ರವಾಸಿಯ ಬಟ್ಟೆಯ ಅಳತೆ ಕೇಳುವವರು ಈ 150 ಮೀಟರಿನ ಬಗ್ಗೆಯೂ ಅಷ್ಟೇ ಜೋರಾಗಿ ಕೇಳಬೇಕಿತ್ತು.