ದಯೆಯೋ ಮಮಕಾರವೋ?

ಹಸಿದ ಪ್ರಾಣಿಗೆ ಅನ್ನವಿಡುವುದು ಪುಣ್ಯಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಸಿವಿಗೆ ಕಾರಣನಾದವನೇ ಅನ್ನವಿಟ್ಟರೆ ಅದನ್ನು ದಯೆಯೆನ್ನಬೇಕೆ, ಋಣಸಂದಾಯವೆನ್ನಬೇಕೆ? ಬದುಕಿಸಿದ ಜೀವದ ಮೇಲೆ ಬದುಕಿಸಿದವನಿಗೆ ಹಕ್ಕು ಹುಟ್ಟುವುದೆ? ಗೋವು, ನಾಯಿ, ಗಿಳಿಗಳ ವಿಷಯದಲ್ಲಿ ನಮ್ಮ ಪ್ರೀತಿಯೇ ವಿಚಾರಕ್ಕೆ ಮುಸುಕು ಹಾಕುತ್ತದೆ. ಆದುದರಿಂದ ಸಾಮಾನ್ಯವಾಗಿ ಯಾರೂ ಮುದ್ದಿಸದ ಉಡವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಯುಕ್ತ.

ಪುಣೆಯ ನಿವಾಸಿಗಳಿಗೆ ಉಡ ಅಪರಿಚಿತವಲ್ಲ. ಮರಾಠಿಯಲ್ಲಿ ಅದಕ್ಕೆ ಘೋರ್ಪಡ ಎಂದು ಹೆಸರು. 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡವನ್ನೇರಲು ಯಶವಂತಿ ಎಂಬ ಉಡದ ನಡುವಿಗೆ ಹಗ್ಗ ಕಟ್ಟಿದನೆಂಬ ಕಥೆಯನ್ನು ಇಲ್ಲಿನ ಮಕ್ಕಳೆಲ್ಲ ಬಲ್ಲರು. ನಮ್ಮ ಮುಧೋಳದ ಘೋರ್ಪಡೆ ಮನೆತನದ ಹೆಸರಿಗೂ ಇಂಥದೇ ಒಂದು ಐತಿಹ್ಯವಿದೆ. ಇವು ಇತಿಹಾಸವೆನ್ನುವುದಕ್ಕಿಂತ ಜನರ ಮೆಚ್ಚುಗೆಯ ಮಾತುಗಳು. ‘ಉಡದ ಪಟ್ಟು’ ಎಂಬ ಕನ್ನಡದ ನುಡಿಯೂ ಅದೇ ಮೆಚ್ಚುಗೆಯಿಂದ ಹುಟ್ಟಿದೆ. ಇನ್ನು ಶಿಲ್ಪಶಾಸ್ತ್ರವು ಗೌರಿಗೆ ಗೋಧಾ, ಅಂದರೆ ಉಡವನ್ನು ವಾಹನವಾಗಿ ಹೇಳಿದೆ. ಪೂರ್ವಭಾರತದ ಪಾಲರ ಕಾಲದ ಪಾರ್ವತಿಯ ವಿಗ್ರಹಗಳಲ್ಲಿ ಪೀಠದ ಬಳಿ ಈ ಪ್ರಾಣಿಯನ್ನು ಕಾಣಬಹುದು.

ದೇವಿಯ ಪಾದದಲ್ಲಿ ಎಡೆ ಪಡೆದ ಈ ಜೀವಿಗೆ ಮನುಷ್ಯನ ಕೈಯಲ್ಲಿ ದೊರೆತುದೇನು? ಮಾಂಸಕ್ಕಾಗಿ, ಎಣ್ಣೆಗಾಗಿ ಅದನ್ನು ಕೊಂದುದಾಯಿತು. ಭಜನೆಗೂ ಸಂಗೀತಕ್ಕೂ ಮೇಳವಾಗುವ ಖಂಜಿರಕ್ಕೆ ಅದರ ಚರ್ಮವನ್ನೇ ಬಿಗಿಯುತ್ತಿದ್ದರು. ಇದಕ್ಕಿಂತ ಖೇದಕರವಾದುದು ‘ಹಥಾ ಜೋಡಿ’ಯ ವ್ಯಾಪಾರ. ಕೈಮುಗಿದಂತೆ ಕಾಣುವ ಅಪೂರ್ವ ಬೇರು, ಪೂಜೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುವಳು ಎಂದು ನಂಬಿಸಿ ಮಾರುವ ಆ ವಸ್ತು ಬೇರಲ್ಲ, ಗಂಡು ಉಡದ ಗುಹ್ಯಾಂಗವನ್ನು ಕತ್ತರಿಸಿ ಒಣಗಿಸಿದುದು ಎಂಬುದನ್ನು 2017ರಲ್ಲಿ ವನ್ಯಜೀವಿ ಸಂಶೋಧಕರು ಜಗತ್ತಿಗೆ ಸಾರಿದರು. ಭಕ್ತನು ಕೈಮುಗಿದದ್ದು ಹಿಂಸೆಗೆ! ಅರಿಯದೆ ಮಾಡಿದವನಿಗೆ ಕ್ಷಮೆಯುಂಟು. ಅರಿತ ಮೇಲೂ ಪೆಟ್ಟಿಗೆಯಲ್ಲಿಟ್ಟು ಪೂಜಿಸುವವನಿಗೆ ಯಾವ ದೇವಿಯ ಅನುಗ್ರಹ?

ಕೊಲ್ಲುವವನ ತಪ್ಪು ಕಣ್ಣಿಗೆ ಕಾಣುತ್ತದೆ. ಸಾಕುವವನ ತಪ್ಪು ಅಷ್ಟು ಸುಲಭವಾಗಿ ಕಾಣದು. ಯಾರೋ ಒಬ್ಬ ಗೃಹಸ್ಥನು ಹೊಲದ ಬದುವಿನಲ್ಲಿ ಸಿಕ್ಕ ಉಡದ ಮರಿಯನ್ನು ಕುತೂಹಲದಿಂದ ಮನೆಗೆ ತಂದನೆಂದು ಭಾವಿಸೋಣ. ಅವನು ಕ್ರೂರಿಯಲ್ಲ. ಪೆಟ್ಟಿಗೆಯಲ್ಲಿಟ್ಟು, ತನಗೆ ತಿಳಿದಂತೆ ಹಾಲು, ಅನ್ನ, ಒಮ್ಮೊಮ್ಮೆ ಮೂಳೆಯಿಲ್ಲದ ಮಾಂಸದ ತುಣುಕುಗಳನ್ನು ಇಡುತ್ತಾನೆ. ಹುಳು, ಇಲಿ, ಮೊಟ್ಟೆ, ಏಡಿಗಳನ್ನು ಇಡಿಯಾಗಿ ನುಂಗಿ, ಬಿಸಿಲು ಕಾಯ್ದು ಬೆಳೆಯಬೇಕಾದ ಪ್ರಾಣಿಗೆ ಸುಣ್ಣದ ಅಂಶ ಸಾಲದೆ ಎಲುಬು ಮೆದುವಾಗುತ್ತದೆ. ಕೊಬ್ಬನ್ನು ಕೂಡಿಡುವ ಬಾಲ ಬಡಕಲಾಗುತ್ತದೆ. ಸೊಂಟದ ಎಲುಬು ಎದ್ದು ಕಾಣುತ್ತದೆ. ಪ್ರೀತಿಯಿತ್ತು, ತಿಳಿವಳಿಕೆಯಿರಲಿಲ್ಲ.

ಇಂಥ ಜೀವವನ್ನು ಚೇತರಿಸುವ ಕ್ರಮವೂ ಒಂದು ಪಾಠ. ಕೃಶವಾದುದನ್ನು ಕಂಡೊಡನೆ ಹೊಟ್ಟೆತುಂಬ ತಿನ್ನಿಸಬೇಕೆಂದು ಮನಸ್ಸು ಹಾತೊರೆಯುತ್ತದೆ. ಆದರೆ ಅದೇ ಅಪಾಯ. ಉಡವು ತನ್ನ ಮೈಯ ಶಾಖವನ್ನು ಹೊರಗಿನಿಂದ ಪಡೆಯುವ ಪ್ರಾಣಿ. ಮೈ ತಣ್ಣಗಿದ್ದರೆ ತಿಂದ ಆಹಾರ ಜೀರ್ಣವಾಗದೆ ಒಳಗೇ ಕೊಳೆಯುವುದು. ಆದುದರಿಂದ ಬಲ್ಲ ವೈದ್ಯರು ಮೊದಲು ಶಾಖವನ್ನೂ, ಬಳಿಕ ನೀರನ್ನೂ ಒದಗಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಆಹಾರ ಕೊಡುತ್ತಾರೆ; ಆಗಾಗ ತೂಕ ನೋಡುತ್ತಾರೆ. ಇಲ್ಲಿ ಉಪಚಾರವು ಉಪಚರಿಸುವವನ ಆತುರವನ್ನು ಅನುಸರಿಸದೆ ರೋಗಿಯ ಶಕ್ತಿಯನ್ನು ಅನುಸರಿಸಬೇಕು. ದಾನ ಮಾಡುವ ತೃಪ್ತಿ ಬೇರೆ, ಪಡೆಯುವವನ ಹಿತ ಬೇರೆ ಎಂಬ ವಿವೇಕ ದಯೆಯ ಮೊದಲ ಮೆಟ್ಟಿಲು.

ಎರಡನೆಯ ಮೆಟ್ಟಿಲು ಇನ್ನೂ ಕಠಿಣ. ಉಡ ಚೇತರಿಸಿತು, ಈಗ ಅದು ಯಾರದು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡವಿದೆ. ಅದನ್ನು ಹಿಡಿಯುವುದೂ ಮನೆಯಲ್ಲಿ ಸಾಕುವುದೂ ಅಪರಾಧ; ಮೂರರಿಂದ ಏಳು ವರ್ಷಗಳ ಸೆರೆವಾಸದವರೆಗಿನ ಶಿಕ್ಷೆಗೆ ಅವಕಾಶವಿದೆ. ಕಾಯಿದೆಯ ಮಾತು ಹೀಗೆ ನೇರವಾಗಿದೆ: ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕು. ಆದರೆ ಭಯದಿಂದ ಒಪ್ಪಿಸುವುದಕ್ಕೂ ಧರ್ಮವನ್ನರಿತು ಒಪ್ಪಿಸುವುದಕ್ಕೂ ಅಂತರವಿದೆ.

ಭಾಗವತದ ಭರತ ಮಹಾರಾಜನ ಕಥೆ ಇಲ್ಲಿ ನೆನಪಿಗೆ ಬಾರದೆ ಇರದು. ರಾಜ್ಯವನ್ನೇ ತೊರೆದವನು, ನೀರಿನಲ್ಲಿ ತೇಲಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯನ್ನು ತೊರೆಯಲಾರದೆ ಹೋದ. ಅದರ ಚಿಂತೆಯಲ್ಲೇ ದೇಹ ಬಿಟ್ಟು ಜಿಂಕೆಯಾಗಿ ಹುಟ್ಟಿದ. ಮರಿಯನ್ನು ಎತ್ತಿದ್ದು ಅವನ ತಪ್ಪಲ್ಲ. ಎತ್ತದಿದ್ದರೆ ಅವನ ತಪಸ್ಸಿಗೇ ಕಳಂಕ. ‘ಮರಿ ಬದುಕಲಿ’ ಎಂಬ ಭಾವ ‘ಮರಿ ನನ್ನದು’ ಎಂದಾದ ಗಳಿಗೆಯಲ್ಲಿ ದಯೆ ಮಮಕಾರವಾಯಿತು. ಬಿಡದೆ ಹಿಡಿಯುವ ಪಟ್ಟು ಉಡದ್ದೆಂದು ನಾವು ಹೇಳುತ್ತೇವೆ. ನಿಜವಾಗಿ ಬಿಡಲಾರದ ಪಟ್ಟು ಮನುಷ್ಯನದು.

ಇದಕ್ಕೆ ಆಕ್ಷೇಪಗಳುಂಟು. ಗೋಧಾ ಭಕ್ಷ್ಯವೆಂದು ರಾಮಾಯಣದ ವಾಲಿಯೇ ಐದುಗುರಿನ ಐದು ಪ್ರಾಣಿಗಳಲ್ಲಿ ಎಣಿಸಿಲ್ಲವೆ ಎಂದು ಒಬ್ಬರು ಕೇಳಬಹುದು. ಎಣಿಸಿದ್ದಾನೆ, ನಿಜ. ಆದರೆ ಅನುಮತಿಯು ಆಜ್ಞೆಯಲ್ಲ. ಹಸಿದವನಿಗಿತ್ತ ಅನುಮತಿಯು ಇನ್ನೊಂದು ಜೀವವನ್ನು ಹಸಿವಿನಲ್ಲಿ ಕೂಡಿಹಾಕುವವನಿಗೆ ಅನ್ವಯಿಸದು. ಮನೆಯಲ್ಲಿ ಅನ್ನ ನಿಶ್ಚಿತ, ಹೊರಗೆ ನಾಯಿಗಳು, ವಾಹನಗಳು. ಇಟ್ಟುಕೊಳ್ಳುವುದೇ ಹೆಚ್ಚಿನ ದಯೆಯಲ್ಲವೆ ಎಂದು ಇನ್ನೊಬ್ಬರು ಕೇಳಬಹುದು. ಈ ಮಾತಿಗೆ ತೂಕವಿದೆ. ಎಲುಬು ಸೊಟ್ಟಗಾಗಿ ಬೇಟೆಯಾಡಲಾರದ ಉಡವನ್ನು ಕಾಡಿಗೆ ಬಿಡುವುದು ಬಿಡುಗಡೆಯಲ್ಲ, ಕೈತೊಳೆದುಕೊಳ್ಳುವುದು. ಅಂಥದಕ್ಕೆ ಬಲ್ಲವರು ನಡೆಸುವ ಆಶ್ರಯವೇ ಗತಿ. ಆದರೆ ಬಿಲ ತೋಡಬಲ್ಲ, ಮರವೇರಬಲ್ಲ, ಸೀಳುನಾಲಗೆಯಿಂದ ಗಾಳಿಯಲ್ಲಿ ಆಹಾರದ ಜಾಡು ಹಿಡಿಯಬಲ್ಲ ಪ್ರಾಣಿಗೆ ನಿಶ್ಚಿತವಾದ ಅನ್ನವೊಂದೇ ಬದುಕಲ್ಲ. ಯಾವುದು ಅದರ ಹಿತ ಎಂಬುದನ್ನು ನಿರ್ಣಯಿಸಬೇಕಾದವನು ಅದನ್ನು ತಿಳಿದವನು, ಅದನ್ನು ಬಯಸುವವನಲ್ಲ.

ವಿಜಯದಶಮಿಯಂದು ಸೀಮೋಲ್ಲಂಘನ ಮಾಡುವುದು ಪುಣೆಯಲ್ಲಿಯೂ ಕನ್ನಡನಾಡಿನಲ್ಲಿಯೂ ನಡೆದುಬಂದ ಸಂಪ್ರದಾಯ. ಊರಿನ ಎಲ್ಲೆಯನ್ನು ದಾಟುವುದು ಕಾಲಿನ ಕೆಲಸ; ‘ನನ್ನದು’ ಎಂಬ ಎಲ್ಲೆಯನ್ನು ದಾಟುವುದು ಮನಸ್ಸಿನ ಕೆಲಸ. ಸಾಕಿದ ಜೀವವನ್ನು ಅದರ ನೆಲಕ್ಕೆ ಬಿಟ್ಟುಬರುವವನು ಬರಿಗೈಯಲ್ಲಿ ಮನೆಗೆ ಹಿಂದಿರುಗುತ್ತಾನೆ. ಆ ಉಡ ತಿರುಗಿ ನೋಡದು, ಕೃತಜ್ಞತೆ ತೋರದು. ಪ್ರತಿಫಲವಿಲ್ಲದ ಆ ಬರಿಗೈಯನ್ನೇ ಜಗನ್ಮಾತೆಯ ಮುಂದೆ ಜೋಡಿಸಿದರೆ, ಅದೇ ನಿಜವಾದ ಕೈಮುಗಿತ.